ರ‍್ಯಾಂಕ್ ಬರುವ ಮೊದಲೇ ಪಟ್ಟಿ ಬರೆಯಿರಿ

(ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರಿಗಾಗಿ ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಿಇಟಿ ಫಲಿತಾಂಶ ಬಂದ ಸಂಜೆ ನಮ್ಮೂರಿನ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಈ ರ‍್ಯಾಂಕಿಗೆ ಎಲ್ಲಿ ಸಿಗ್ತದೆ?’ ಬೊಂಬಾಯಿಯ ಮಾವನಿಗೆ ಫೋನು ಹೋಗುತ್ತದೆ. ಕಳೆದ ವರ್ಷ ಸೀಟು ಪಡೆದ ನೆರೆಮನೆಯ ಹುಡುಗನನ್ನು ಕರೆಸುತ್ತಾರೆ. ಸೈಬರ್ ಸೆಂಟರಿನವರ ಅಭಿಪ್ರಾಯವನ್ನೂ ಕೇಳುತ್ತಾರೆ. ವಾರ ಕಳೆಯುವುದರೊಳಗೆ ನಾಲ್ಕು ವರ್ಷದ ಓದು ತೀರ್ಮಾನವಾಗಿಬಿಡುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು: ರ‍್ಯಾಂಕ್ ಕೈಗೆ ಬರುವ ಮೊದಲೇ ನಿಮಗೆ ಯಾವುದು ಬೇಕು, ಅದಾಗದಿದ್ದರೆ ಯಾವುದು, ಅದೂ ಆಗದಿದ್ದರೆ ಯಾವುದು ಎಂಬ ಪಟ್ಟಿ ಬರೆದಿಟ್ಟಿರಬೇಕು. ಫಲಿತಾಂಶದ ನಂತರ, ಪಟ್ಟಿಯಲ್ಲಿ ಎಷ್ಟನೆಯದು ನಮಗೆ ಒದಗುತ್ತದೆ ಎಂದು ನೋಡುವ ಕೆಲಸ ಮಾತ್ರ ಉಳಿಯಬೇಕು.

ಯಾಕೆ ಮೊದಲೇ? ರ‍್ಯಾಂಕ್ ಕಣ್ಣಿಗೆ ಬಿದ್ದ ಮೇಲೆ ಮನಸ್ಸು ಬೇರೆ ರೀತಿ ಯೋಚಿಸುತ್ತದೆ. ಸಿವಿಲ್ ಓದಬೇಕೆಂದಿದ್ದ ಹುಡುಗಿಗೆ ಒಳ್ಳೆಯ ರ‍್ಯಾಂಕ್ ಬಂದರೆ, ‘ಈ ರ‍್ಯಾಂಕಿಗೆ ಸಿವಿಲಾ? ರ‍್ಯಾಂಕ್ ವೇಸ್ಟ್ ಆಗ್ತದೆ’ ಎನ್ನುವವರು ಹತ್ತು ಮಂದಿ ಇರುತ್ತಾರೆ. ರ‍್ಯಾಂಕ್ ಇರುವುದು ನಿಮಗೆ ಬೇಕಾದದ್ದನ್ನು ಪಡೆಯುವುದಕ್ಕೆ. ಅತ್ಯಂತ ಗಿರಾಕಿ ಇರುವ ಸೀಟನ್ನೇ ಕೊಳ್ಳಬೇಕೆಂಬ ಕಟ್ಟುಪಾಡು ಯಾವ ಕೈಪಿಡಿಯಲ್ಲೂ ಇಲ್ಲ.

ಪಟ್ಟಿ ಮಾಡುವ ಕ್ರಮ ಹೇಳುತ್ತೇನೆ. ಮಕ್ಕಳು ಒಂದು ಹಾಳೆಯಲ್ಲಿ, ಹೆತ್ತವರು ಇನ್ನೊಂದು ಹಾಳೆಯಲ್ಲಿ, ಒಬ್ಬರದ್ದನ್ನು ಒಬ್ಬರು ನೋಡದೆ ಐದೈದು ಕೋರ್ಸುಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ಒಂದು ಸಾಲಿನ ಕಾರಣ ಇರಲಿ. ‘ಸ್ಕೋಪ್ ಇದೆ’ ಎಂದು ಬರೆದರೆ ಅದನ್ನು ಕಾರಣವೆಂದು ಲೆಕ್ಕಕ್ಕೆ ಹಿಡಿಯಬೇಡಿ. ಯಾವ ಕೆಲಸಕ್ಕೆ, ಯಾರು ಕೊಡುವ ಕೆಲಸಕ್ಕೆ ಎಂದು ಬರೆಯಬೇಕು. ಹೆತ್ತವರ ಹಾಳೆಯಲ್ಲಿ ಇನ್ನೊಂದು ಸಾಲು ಕಡ್ಡಾಯ: ವರ್ಷಕ್ಕೆ ಮನೆಯಿಂದ ಎಷ್ಟು ಕೊಡಬಲ್ಲೆವು. ಈ ಅಂಕಿಯನ್ನು ಮಕ್ಕಳಿಂದ ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಹದಿನೇಳು ಹದಿನೆಂಟು ವರ್ಷದ ಮಗುವಿಗೆ ಅದು ತಿಳಿದಿದ್ದರೆ ಪಟ್ಟಿ ಎಷ್ಟೋ ವಾಸ್ತವಕ್ಕೆ ಹತ್ತಿರ ಬರುತ್ತದೆ. ಆಮೇಲೆ ಎರಡೂ ಹಾಳೆಗಳನ್ನು ಮೇಜಿನ ಮೇಲಿಟ್ಟು ಮಾತಾಡಿ.

ಕೋರ್ಸಿನ ಹೆಸರು ನೋಡಿ ನಿರ್ಧರಿಸಬೇಡಿ, ಅದರ ಪಾಠಪಟ್ಟಿ ತೆರೆದು ನೋಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ತನ್ನ ಎಲ್ಲ ವಿಭಾಗಗಳ ಸ್ಕೀಮ್ ಮತ್ತು ಸಿಲೆಬಸನ್ನು ಜಾಲತಾಣದಲ್ಲಿ ಹಾಕುತ್ತದೆ, ಸ್ವಾಯತ್ತ ಕಾಲೇಜುಗಳೂ ಹಾಕುತ್ತವೆ. ಮೂರನೆಯ ಮತ್ತು ಐದನೆಯ ಸೆಮಿಸ್ಟರಿನ ವಿಷಯಗಳನ್ನು ಮಾತ್ರ ಓದಿದರೆ ಸಾಕು, ಆ ವಿಭಾಗದ ಸ್ವಭಾವ ತಿಳಿಯುತ್ತದೆ. ಕಂಪ್ಯೂಟರ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್ ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ: ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ಗಣಿತ ಮೂರಕ್ಕೂ ಬುನಾದಿ. ವ್ಯತ್ಯಾಸ ದೊಡ್ಡದಾಗಿ ಕಾಣುವುದು ಮೇಲಿನ ಸೆಮಿಸ್ಟರುಗಳಲ್ಲಿ. ಹೆಸರಿನಲ್ಲಿ ‘ಎಐ’ ಇಲ್ಲವೆಂದು ಒಳ್ಳೆಯ ಅಧ್ಯಾಪಕರಿರುವ ವಿಭಾಗವನ್ನು ಬಿಟ್ಟು, ನಿನ್ನೆ ಮೊನ್ನೆ ತೆರೆದ ವಿಭಾಗಕ್ಕೆ ಹೋಗುವುದು ಸರಿಯಾದ ಲೆಕ್ಕಾಚಾರವಲ್ಲ.

ಜೀವಶಾಸ್ತ್ರ ಇಷ್ಟ ಎಂದಾಕ್ಷಣ ಎಂಬಿಬಿಎಸ್ ಎನ್ನುವುದೂ ಹಾಗೆಯೇ. ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಆಮೇಲೆ ಸ್ನಾತಕೋತ್ತರಕ್ಕೆ ಮತ್ತೊಂದು ನೀಟ್. ರೋಗಿಯ ಪಕ್ಕ ಗಂಟೆಗಟ್ಟಲೆ ನಿಲ್ಲುವುದು ಇಷ್ಟವಿಲ್ಲದ, ಆದರೆ ಜೀವಿಗಳ ಬಗ್ಗೆ ಕುತೂಹಲ ಇರುವವರಿಗೆ ಬೇರೆ ದಾರಿಗಳಿವೆ. ಮಂಗಳೂರಿನಲ್ಲೇ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿ, ಪ್ರವೇಶ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ. ಮಲ್ಪೆ, ಗಂಗೊಳ್ಳಿಯ ಮಕ್ಕಳಿಗೇ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಾತಾಡುತ್ತೇನೆ, ಯಾಕೆಂದರೆ ವಾಣಿಜ್ಯ ವಿಭಾಗದ ಮಕ್ಕಳೂ ಇಲ್ಲಿ ಕುಳಿತಿದ್ದೀರಿ. ಮಾರ್ಕು ಕಡಿಮೆ ಬಂದವರು ಕಾಮರ್ಸಿಗೆ ಹೋಗುತ್ತಾರೆ ಎಂಬ ಮಾತು ಈ ಜಿಲ್ಲೆಯಲ್ಲಿ ಕೇಳಿಬರುವುದು ತುಂಬ ಬೇಸರದ ಸಂಗತಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್, ಇಷ್ಟೂ ಹುಟ್ಟಿದ್ದು ಈ ನೆಲದಲ್ಲಿ. ಸಿಎ ಓದುವವರಿಗೆ ದ್ವಿತೀಯ ಪಿಯುಸಿ ಆದ ಮೇಲೆ ಫೌಂಡೇಶನ್, ನಂತರ ಇಂಟರ್‌ಮೀಡಿಯೆಟ್, ಲೆಕ್ಕಪರಿಶೋಧಕರ ಕೈಕೆಳಗೆ ಎರಡು ವರ್ಷದ ತರಬೇತಿಯಾದ ಆರ್ಟಿಕಲ್‌ಶಿಪ್, ಫೈನಲ್. ಇನ್‌ಸ್ಟಿಟ್ಯೂಟಿನ ಶಾಖೆ ಮಂಗಳೂರು, ಉಡುಪಿ ಎರಡೂ ಕಡೆ ಇದೆ. ಜೊತೆಗೆ ಬಿ.ಕಾಂ. ಮಾಡುವುದಾದರೆ ಒಂದು ವಿಷಯ ಮೊದಲೇ ವಿಚಾರಿಸಿ: ಆರ್ಟಿಕಲ್‌ಶಿಪ್ಪಿನ ವೇಳೆಗೂ ಕಾಲೇಜಿನ ತರಗತಿಯ ವೇಳೆಗೂ ಹೊಂದಾಣಿಕೆ ಆಗುತ್ತದೆಯೇ, ಹಾಜರಾತಿಗೆ ಕಾಲೇಜು ಏನು ಹೇಳುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಎರಡೂ ಕಡೆ ಹಿಂದೆ ಬೀಳುತ್ತೀರಿ. ಸರಕಾರಿ, ಅನುದಾನಿತ ಪದವಿ ಕಾಲೇಜುಗಳಿಗೆ ಯುಯುಸಿಎಂಎಸ್ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕಾಗುತ್ತದೆ. ಪಿಯುಸಿ ಫಲಿತಾಂಶ ಬಂದ ಕೂಡಲೇ ಬೇಕಾದ ಕಾಲೇಜಿನ ಕಚೇರಿಗೆ ಹೋಗಿ ದಿನಾಂಕ ಕೇಳಿಕೊಳ್ಳಿ.

ಈಗ ಯಾವ ಸೀಟಿಗೆ ಯಾವ ಬಾಗಿಲು ಎಂಬುದಕ್ಕೆ ಬರೋಣ. ಒಂದೇ ಊರಿನ ಕಾಲೇಜುಗಳಿಗೆ ಬೇರೆ ಬೇರೆ ದಾರಿ ಇರುವುದೇ ನಮ್ಮಲ್ಲಿ ದೊಡ್ಡ ಗೊಂದಲ. ಸುರತ್ಕಲ್ಲಿನ ಎನ್‌ಐಟಿಕೆಗೆ ಸಿಇಟಿಯಿಂದ ಹೋಗಲಾಗದು. ಜೆಇಇ ಮೇನ್ ಬರೆದು, ಜೋಸಾ (ಐಐಟಿ, ಎನ್ಐಟಿಗಳ ಜಂಟಿ ಸೀಟು ಹಂಚಿಕೆ) ಕೌನ್ಸೆಲಿಂಗಿನಲ್ಲಿ ಆಯ್ಕೆ ನಮೂದಿಸಬೇಕು. ಅಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೆ. ಆದರೆ ‘ಕರ್ನಾಟಕದವರು’ ಎಂದು ತೀರ್ಮಾನವಾಗುವುದು ಹನ್ನೆರಡನೆಯ ತರಗತಿ ಯಾವ ರಾಜ್ಯದಲ್ಲಿ ಪಾಸಾಗಿದ್ದೀರಿ ಎಂಬುದರ ಮೇಲೆ, ಮನೆ ಎಲ್ಲಿದೆ ಎಂಬುದರ ಮೇಲೆ ಅಲ್ಲ. ಮಂಜೇಶ್ವರದಲ್ಲಿ ಮನೆ ಇದ್ದು ಮಂಗಳೂರಿನಲ್ಲಿ ಪಿಯುಸಿ ಮುಗಿಸಿದವರಿಗೆ ಇದು ಅನುಕೂಲ. ಮಂಗಳೂರಿನ ಮನೆಯವರು ಮಗುವನ್ನು ಕೋಚಿಂಗಿಗೆಂದು ಬೇರೆ ರಾಜ್ಯಕ್ಕೆ ಕಳಿಸಿ ಅಲ್ಲೇ ಹನ್ನೆರಡನೆಯದು ಪಾಸು ಮಾಡಿಸಿದರೆ ಈ ಪಾಲು ಕೈತಪ್ಪುತ್ತದೆ. ಇನ್ನೊಂದು ಷರತ್ತು: ಹನ್ನೆರಡನೆಯದರಲ್ಲಿ 75 ಶೇಕಡಾ ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 65. ಇಲ್ಲವೇ ನಿಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲಿನಲ್ಲಿ ಇರಬೇಕು.

ವೈದ್ಯಕೀಯಕ್ಕೆ ನೀಟ್ ಒಂದೇ, ಆದರೆ ಕೌನ್ಸೆಲಿಂಗ್ ಎರಡು. ಮಣಿಪಾಲದ ಮಾಹೆ, ಯೆನೆಪೋಯ, ನಿಟ್ಟೆ ಇವು ಡೀಮ್ಡ್ ವಿಶ್ವವಿದ್ಯಾಲಯಗಳು. ಇವುಗಳ ಎಂಬಿಬಿಎಸ್ ಸೀಟು ದಿಲ್ಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಕೌನ್ಸೆಲಿಂಗಿನಲ್ಲಿ ಹಂಚಿಕೆಯಾಗುತ್ತದೆ. ರಾಜ್ಯದ ಸರಕಾರಿ ಕಾಲೇಜುಗಳ 85 ಶೇಕಡಾ ಸೀಟು ಮತ್ತು ಇತರ ಖಾಸಗಿ ಕಾಲೇಜುಗಳದ್ದು ಕೆಇಎ ಮೂಲಕ. ಸರಕಾರಿ ಕಾಲೇಜುಗಳ ಉಳಿದ 15 ಶೇಕಡಾ ಅಖಿಲ ಭಾರತ ಕೋಟಾ, ಅದು ಮತ್ತೆ ಎಂಸಿಸಿ. ಎರಡೂ ಕಡೆ ಬೇರೆ ಬೇರೆ ನೋಂದಣಿ, ಬೇರೆ ಬೇರೆ ಶುಲ್ಕ, ಬೇರೆ ಬೇರೆ ಕೊನೆಯ ದಿನ. ನೀಟ್ ಬರೆದೆವಲ್ಲ ಎಂದು ಕೆಇಎ ನೋಂದಣಿ ಬಿಟ್ಟವರು ರಾಜ್ಯದ ಸೀಟಿನಿಂದಲೇ ಹೊರಗುಳಿಯುತ್ತಾರೆ. ಮಾಹೆಯ ಎಂಜಿನಿಯರಿಂಗಿಗೆ ಅದರದೇ ಪ್ರವೇಶ ಪರೀಕ್ಷೆ ‘ಮೆಟ್’. ವಾಸ್ತುಶಿಲ್ಪಕ್ಕೆ ನಾಟಾ.

ವಿಟಿಯು ಅಧೀನದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ 45 ಶೇಕಡಾ ಸೀಟು ಕೆಇಎಗೆ, 30 ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌ಕೆಗೆ, 25 ಆಡಳಿತ ಮಂಡಳಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಪಾಲು ಸ್ವಲ್ಪ ಬೇರೆ. ಅದೇ ತರಗತಿ, ಅದೇ ಬೆಂಚು, ಅದೇ ಪದವಿ ಪತ್ರ, ಶುಲ್ಕ ಮಾತ್ರ ಬೇರೆ. ಆದ್ದರಿಂದ ಸಿಇಟಿಯ ಎರಡನೆಯ ಸುತ್ತು ಮುಗಿಯುವ ಮೊದಲೇ ಗಾಬರಿಬಿದ್ದು ಮ್ಯಾನೇಜ್‌ಮೆಂಟ್ ಸೀಟಿಗೆ ದೊಡ್ಡ ಮೊತ್ತ ಕಟ್ಟಬೇಡಿ.

ಸಿಇಟಿ ರ‍್ಯಾಂಕಿನ ಲೆಕ್ಕ ಹೀಗಿದೆ. ಎಂಜಿನಿಯರಿಂಗಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕಕ್ಕೆ ಅರ್ಧ ತೂಕ, ಸಿಇಟಿಯ 180 ಅಂಕಕ್ಕೆ ಇನ್ನರ್ಧ. ಒಬ್ಬಳಿಗೆ ಪಿಯುಸಿಯಲ್ಲಿ 294, ಅಂದರೆ 98 ಶೇಕಡಾ, ಸಿಇಟಿಯಲ್ಲಿ 81, ಅಂದರೆ 45 ಶೇಕಡಾ. ಸರಾಸರಿ 71.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ 264, ಅಂದರೆ 88, ಸಿಇಟಿಯಲ್ಲಿ 108, ಅಂದರೆ 60. ಸರಾಸರಿ 74. ಪಿಯುಸಿಯಲ್ಲಿ 30 ಅಂಕ ಹಿಂದಿದ್ದವನೇ ರ‍್ಯಾಂಕಿನಲ್ಲಿ ಮುಂದೆ. ನೆನಪಿಡಲು ಸುಲಭವಾಗಿ ಹೇಳುವುದಾದರೆ ಪಿಯುಸಿಯ 5 ಅಂಕ ಸಿಇಟಿಯ 3 ಅಂಕಕ್ಕೆ ಸಮ. ಹಾಗೆಂದು ಪಿಯುಸಿಯನ್ನು ಕೈಬಿಡುವಂತಿಲ್ಲ, ಅಲ್ಲಿ ಅಂಕ ತೆಗೆಯುವುದು ಹೆಚ್ಚಿನವರಿಗೆ ಸುಲಭ. ಕೊನೆಯ ತಿಂಗಳು ಎರಡಕ್ಕೂ ಸಮಯ ಹಂಚಲು ಈ ಲೆಕ್ಕ ಬೇಕು. ಇನ್ನೊಂದು ಮಾತು: ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಕೊನೆಯ ಎರಡು ನಿಮಿಷ ಖಾಲಿ ಬಿಟ್ಟ ವೃತ್ತಗಳನ್ನು ತುಂಬುವುದಕ್ಕೇ ಇಟ್ಟುಕೊಳ್ಳಿ. ನೀಟ್, ಜೆಇಇಯಲ್ಲಿ ತಪ್ಪು ಉತ್ತರಕ್ಕೆ 1 ಅಂಕ ಹೋಗುತ್ತದೆ. ಮೂರನ್ನೂ ಬರೆಯುವವರು ಈ ಅಭ್ಯಾಸಗಳನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತೊಯ್ಯಬಾರದು.

ಪ್ರಮಾಣಪತ್ರಗಳ ವಿಷಯವನ್ನು ಹೆತ್ತವರು ಗಮನವಿಟ್ಟು ಕೇಳಬೇಕು, ಯಾಕೆಂದರೆ ಸೀಟು ತಪ್ಪುವುದು ಹಲವು ಸಲ ಇಲ್ಲೇ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬಂದಿರಬೇಕು, ಅದರಲ್ಲಿ ಆರ್‌ಡಿ ಸಂಖ್ಯೆ (ಕಂದಾಯ ಇಲಾಖೆಯ ದಾಖಲೆ ಸಂಖ್ಯೆ) ಇರಬೇಕು, ಅದು ವಿದ್ಯಾರ್ಥಿಯ ಹೆಸರಿನಲ್ಲಿರಬೇಕು. ಅಪ್ಪನ ಹೆಸರಿನ ಪ್ರಮಾಣಪತ್ರ ಹಿಡಿದುಕೊಂಡು ಬರುವವರು ಪ್ರತಿ ವರ್ಷ ಇದ್ದಾರೆ. 2ಎ, 2ಬಿ, 3ಎ, 3ಬಿ ವರ್ಗದವರಿಗೆ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ, ಪ್ರವರ್ಗ-1ಕ್ಕೆ ಮಿತಿ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಆಧಾರಿನ ಹೆಸರು, ಜಾತಿ ಪ್ರಮಾಣಪತ್ರದ ಹೆಸರು ಈ ಮೂರನ್ನೂ ಇವತ್ತು ರಾತ್ರಿಯೇ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಒಂದರಲ್ಲಿ ಶೆಟ್ಟಿ, ಪೂಜಾರಿ, ಆಚಾರ್ಯ ಎಂದು ಮನೆತನದ ಹೆಸರಿರುತ್ತದೆ, ಇನ್ನೊಂದರಲ್ಲಿ ಬರೇ ಇನಿಷಿಯಲ್ ಇರುತ್ತದೆ. ತಿದ್ದಿಸಲು ವಾರಗಳೇ ಬೇಕಾಗುತ್ತವೆ, ಅರ್ಜಿಯ ಕೊನೆಯ ದಿನ ಅದು ಆಗುವ ಕೆಲಸವಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಕೋಟಾ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡಾ, ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ 15 ಶೇಕಡಾ. ಹತ್ತೂ ವರ್ಷ ಇರಬೇಕು, ಎಂಟನೆಯಿಂದ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವರಿಗೆ ಸಿಗದು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ್ದಕ್ಕೆ ಸಂಕೋಚಪಟ್ಟು ಆ ಕಾಲಮ್ಮನ್ನು ತುಂಬದೆ ಬಿಡುವ ಮಕ್ಕಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇದು ನಿಮಗೆ ಸಲ್ಲಬೇಕಾದದ್ದು. ನೀವು ಎರಡಕ್ಕೂ ಅರ್ಹರಾದರೆ ಎರಡನ್ನೂ ಕೇಳಬಹುದು. ಶಾಲೆ ಇರುವ ಊರು ಪಟ್ಟಣ ಪಂಚಾಯತ್ ಅಥವಾ ನಗರಪಾಲಿಕೆಯ ವ್ಯಾಪ್ತಿಗೆ ಸೇರಿದೆಯೇ ಎಂದು ವಿಚಾರಿಸಿ. ನೋಡಲು ಹಳ್ಳಿಯಂತಿದ್ದರೂ ದಾಖಲೆಯಲ್ಲಿ ನಗರವಾಗಿರುವ ಜಾಗಗಳು ಸುರತ್ಕಲ್ಲಿನ ಸುತ್ತಮುತ್ತ ಬಹಳ. ವ್ಯಾಸಂಗ ಪ್ರಮಾಣಪತ್ರ ಪ್ರತಿ ಶಾಲೆಯಿಂದಲೂ ಬೇಕು, ಬಿಇಒ ಸಹಿ ಕೇಳಿದ್ದರೆ ಅದೂ ಇರಬೇಕು. ತುಳು, ಕೊಂಕಣಿ ಮಾತೃಭಾಷೆಯವರು ಅರ್ಜಿಯ ಭಾಷಾ ಅಲ್ಪಸಂಖ್ಯಾತರ ಕಾಲಮ್ಮನ್ನು ಓದಿ ನೋಡಿ, ಕೆಲವು ಖಾಸಗಿ ಸಂಸ್ಥೆಗಳಲ್ಲಿ ಆ ಪಾಲು ಇರುತ್ತದೆ. ಕುಟುಂಬದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಅವುಗಳಲ್ಲಿ ಬೋಧನಾ ಶುಲ್ಕ ಮನ್ನಾ.

ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ. ಸೈಬರ್ ಸೆಂಟರಿನವರ ಸಂಖ್ಯೆ ಕೊಟ್ಟರೆ ಒಟಿಪಿ ಅವರಿಗೆ ಹೋಗುತ್ತದೆ, ಅಂಗಡಿ ಮುಚ್ಚಿದ ಭಾನುವಾರ ನೀವು ಒಳಗೆ ಹೋಗಲಾರಿರಿ. ಪಾಸ್‌ವರ್ಡ್ ಮನೆಯ ಡೈರಿಯಲ್ಲಿ ಬರೆದಿಡಿ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದು. ಇವತ್ತಿನ ಮಾತಿನಲ್ಲಿ ಹೆಚ್ಚು ಸಮಯ ಇದಕ್ಕೇ ಇಟ್ಟಿದ್ದೇನೆ. ಕೆಇಎ ಕಂಪ್ಯೂಟರ್ ಸೀಟು ಹಂಚುವುದು ರ‍್ಯಾಂಕಿನ ಕ್ರಮದಲ್ಲಿ. ಒಂದನೇ ರ‍್ಯಾಂಕಿನವರ ಪಟ್ಟಿ ಮೊದಲು, ಎರಡನೆಯವರದು ಆಮೇಲೆ, ಹೀಗೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲನೆಯದನ್ನು ನೋಡುತ್ತದೆ. ಅಲ್ಲಿ ಸಾಮಾನ್ಯ ವರ್ಗದಲ್ಲೋ ನಿಮ್ಮ ಮೀಸಲಾತಿಯಲ್ಲೋ ಸೀಟು ಉಳಿದಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ನಿಮ್ಮ ಇಡೀ ಪಟ್ಟಿ ಮುಗಿದ ಮೇಲೆಯೇ ನಿಮ್ಮ ಹಿಂದಿನ ರ‍್ಯಾಂಕಿನವರ ಸರದಿ.

ಇದರಿಂದ ಎರಡು ವಿಷಯ ಸ್ಪಷ್ಟ. ‘ಮೇಲೆ ಸಿಗದ ಕಾಲೇಜು ಬರೆದರೆ, ಅದನ್ನು ನೋಡುವಷ್ಟರಲ್ಲಿ ಕೆಳಗಿನದೂ ತುಂಬಿಹೋಗ್ತದೆ’ ಎಂಬ ಭಯ ಬಹಳ ಮನೆಗಳಲ್ಲಿದೆ. ಅದು ಸುಳ್ಳು. ನಿಮ್ಮ ಪಟ್ಟಿ ನೋಡುವ ಹೊತ್ತಿಗೆ ನಿಮಗಿಂತ ಹಿಂದಿನ ರ‍್ಯಾಂಕಿನವರು ಯಾರೂ ಒಳಗೆ ಬಂದಿರುವುದಿಲ್ಲ. ಸಿಗುವ ಸಂಭವ ಕಡಿಮೆ ಇರುವುದನ್ನು ಮೇಲೆ ಬರೆದರೆ ನಷ್ಟವಿಲ್ಲ. ಎರಡನೆಯದು, ‘ಸೇಫ್ ಇರಲಿ’ ಎಂದು ಖಂಡಿತ ಸಿಗುವುದನ್ನು ಮೇಲೆ ಬರೆದರೆ ನಷ್ಟ ಖಂಡಿತ. ಉದಾಹರಣೆಗೆ ನಿಮ್ಮ ರ‍್ಯಾಂಕ್ 21,000 ಎಂದಿಟ್ಟುಕೊಳ್ಳಿ. ‘ಅ’ ಕಾಲೇಜಿನ ಇಲೆಕ್ಟ್ರಾನಿಕ್ಸ್ ನಿಮಗೆ ಹೆಚ್ಚು ಇಷ್ಟ, ಕಳೆದ ವರ್ಷ ಅದು 19,000ಕ್ಕೆ ಮುಗಿದಿತ್ತು. ‘ಆ’ ಕಾಲೇಜಿನದು 35,000ದವರೆಗೆ ಹೋಗಿತ್ತು. ಹೆದರಿ ‘ಆ’ ಮೊದಲು, ‘ಅ’ ಎರಡನೆಯದು ಎಂದು ಬರೆದರೆ, ‘ಆ’ ಸಿಕ್ಕಿತು, ಕಂಪ್ಯೂಟರ್ ಅಲ್ಲಿಗೇ ನಿಂತಿತು. ಈ ವರ್ಷ ‘ಅ’ ಕಾಲೇಜಿನ ಸೀಟು 22,000ದವರೆಗೆ ಇಳಿದರೂ ನಿಮಗೆ ಬರುವುದಿಲ್ಲ. ಆದ್ದರಿಂದ ಕ್ರಮ ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ‘ಇವೆರಡೂ ನನ್ನ ಮುಂದೆ ಇದ್ದರೆ ಯಾವುದನ್ನು ತೆಗೆದುಕೊಳ್ಳುತ್ತೇನೆ?’ ಎಂಬುದೊಂದೇ.

ಹಾಗಾದರೆ ಹಿಂದಿನ ವರ್ಷದ ಕಟಾಫ್, ಅಂದರೆ ಕೊನೆಯ ಸೀಟು ಹೋದ ರ‍್ಯಾಂಕ್, ಯಾಕೆ ಬೇಕು? ಪಟ್ಟಿ ಎಷ್ಟು ಕೆಳಗಿನವರೆಗೆ ಹೋಗಬೇಕು ಎಂದು ತಿಳಿಯುವುದಕ್ಕೆ. ನಿಮ್ಮ ರ‍್ಯಾಂಕಿಗಿಂತ ಸಾಕಷ್ಟು ಹಿಂದಕ್ಕೆ ಮುಗಿಯುವ, ಆದರೆ ನೀವು ನಿಜವಾಗಿ ಸೇರಲು ಒಪ್ಪುವ ಕೆಲವು ಆಯ್ಕೆಗಳು ಕೊನೆಯಲ್ಲಿ ಇರಲೇಬೇಕು. ಏಳೆಂಟು ಆಯ್ಕೆ ಬರೆದು ನಿಲ್ಲಿಸಿದವರಿಗೆ ಮೊದಲ ಸುತ್ತಿನಲ್ಲಿ ಏನೂ ಸಿಗದಿರುವುದು ಸಾಮಾನ್ಯ. ನನ್ನ ಅಭಿಪ್ರಾಯದಲ್ಲಿ ಎಂಜಿನಿಯರಿಂಗಿಗೆ ಮೂವತ್ತಕ್ಕಿಂತ ಕಡಿಮೆ ಬೇಡ. ಸಿಕ್ಕರೂ ಸೇರಲಾರೆವು ಎನ್ನುವುದನ್ನು ಮಾತ್ರ ಬರೆಯಲೇಬೇಡಿ. ಕಟಾಫ್ ಪಟ್ಟಿ ಓದುವಾಗ ನಿಮ್ಮ ಕಾಲಮ್ಮನ್ನೇ ಓದಿ: ಜಿಎಂ ಎಂದರೆ ಸಾಮಾನ್ಯ, ಜಿಎಂಕೆ ಕನ್ನಡ ಮಾಧ್ಯಮ, ಜಿಎಂಆರ್ ಗ್ರಾಮೀಣ. ಹಾಗೆಯೇ 2ಎಜಿ, 2ಎಕೆ, 2ಎಆರ್. ಯಾವ ಸುತ್ತಿನ ಪಟ್ಟಿ ಎಂಬುದನ್ನೂ ನೋಡಿಕೊಳ್ಳಿ, ಮೊದಲ ಸುತ್ತಿನದಕ್ಕೂ ಕೊನೆಯ ಸುತ್ತಿನದಕ್ಕೂ ಸಾವಿರಗಟ್ಟಲೆ ಅಂತರ ಇರಬಹುದು. ಒಂದೇ ಕಾಲೇಜಿಗೆ ಅನುದಾನಿತ, ಅನುದಾನರಹಿತ ಎಂದು ಎರಡು ಕೋಡ್ ಇದ್ದರೆ ಶುಲ್ಕವೂ ಎರಡು ಬಗೆ. ಕೋಡ್ ತಪ್ಪಿದರೆ ಕಾಲೇಜೇ ತಪ್ಪೀತು. ಆದ್ದರಿಂದ ಒಬ್ಬರು ಹಾಳೆ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆಯಲ್ಲಿ ತಾಳೆ ನೋಡಬೇಕು. ಅಣಕು ಹಂಚಿಕೆ ಬಂದಾಗ ಅದನ್ನು ಸೀಟೆಂದು ತಿಳಿಯಬೇಡಿ. ಕ್ರಮ ತಿದ್ದಲು ಸಿಗುವ ಅವಕಾಶ ಅದು. ಉಳಿದವರೂ ತಿದ್ದುವುದರಿಂದ ನಿಜವಾದ ಹಂಚಿಕೆ ಬೇರೆಯಾಗಬಹುದು.

ಮೊದಲ ಸುತ್ತಿನಲ್ಲಿ ಸೀಟು ಬಂದರೆ ನಾಲ್ಕು ಚಾಯ್ಸ್. ಒಂದನೆಯದು, ಒಪ್ಪಿದೆ, ಶುಲ್ಕ ಕಟ್ಟಿ ಕಾಲೇಜಿಗೆ ಸೇರುತ್ತೇನೆ. ಎರಡನೆಯದು, ಇದನ್ನು ಹಿಡಿದಿಟ್ಟು ಶುಲ್ಕ ಕಟ್ಟುತ್ತೇನೆ, ಮೇಲಿನದು ಸಿಗುವುದಾದರೆ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಹೋಗುತ್ತೇನೆ. ನಾಲ್ಕನೆಯದು, ಕೆಇಎ ಪ್ರಕ್ರಿಯೆಯಿಂದಲೇ ಹೊರಹೋಗುತ್ತೇನೆ. ಹೆಚ್ಚು ತಪ್ಪಾಗುವುದು ಎರಡನೆಯದರಲ್ಲಿ. ನಿಮಗೆ ಏಳನೆಯ ಆಯ್ಕೆ ಸಿಕ್ಕಿತು, ಚಾಯ್ಸ್-2 ಒತ್ತಿದಿರಿ. ಮುಂದಿನ ಸುತ್ತಿನಲ್ಲಿ ನಾಲ್ಕನೆಯದು ಸಿಕ್ಕಿದರೆ ಏಳನೆಯದು ತಾನಾಗಿ ಹೋಗುತ್ತದೆ, ಮತ್ತೆ ಬೇಕೆಂದರೂ ಬರದು. ಈ ನಡುವೆ ಏಳನೆಯ ಕಾಲೇಜಿಗೆ ಹೋಗಿ ನೋಡಿ, ‘ಇದೇ ಚೆನ್ನಾಗಿದೆ’ ಎನಿಸಿದ್ದರೆ, ನಾಲ್ಕನೆಯದು ಸೇರಿದಂತೆ ಈಗ ಬೇಡವೆನಿಸಿದ್ದನ್ನು ಎರಡನೆಯ ಸುತ್ತಿನ ಮೊದಲು ಅಳಿಸಬೇಕು. ಚಾಯ್ಸ್-3 ಕೈಯಲ್ಲಿದ್ದದ್ದನ್ನು ಬಿಟ್ಟುಕೊಡುವುದು. ಸಿಕ್ಕಿದ ಸೀಟಿಗೆ ಯಾವ ಕಾರಣಕ್ಕೂ ಸೇರುವುದಿಲ್ಲವೆಂದು ಖಚಿತ ಇರುವವರಿಗೆ ಮಾತ್ರ ಅದು. ಸುತ್ತುಗಳ ನಿಯಮ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನು ಓದಿಯೇ ಒತ್ತಿ.

ಕಾಲೇಜನ್ನು ಅಳೆಯುವುದು ಹೇಗೆ? ಹೆದ್ದಾರಿಯ ಫ್ಲೆಕ್ಸಿನಲ್ಲಿರುವ ಅತಿ ದೊಡ್ಡ ಸಂಬಳದ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಅದು ಒಬ್ಬರದು. ಎನ್‌ಐಆರ್‌ಎಫ್‌ಗೆ (ಕೇಂದ್ರ ಸರಕಾರದ ಶಿಕ್ಷಣ ಸಂಸ್ಥೆಗಳ ಶ್ರೇಯಾಂಕ ಪಟ್ಟಿ) ಸಲ್ಲಿಸಿದ ಮಾಹಿತಿಯನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಹಾಕಿರುತ್ತವೆ. ಅದರಲ್ಲಿ ನಾಲ್ಕು ಅಂಕಿ ಹುಡುಕಿ: ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲೇ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು. ಮೀಡಿಯನ್ ಎಂದರೆ ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ಸರಾಸರಿಯನ್ನು ಒಬ್ಬನ ದೊಡ್ಡ ಸಂಬಳ ಮೇಲೆತ್ತಬಹುದು, ಮೀಡಿಯನ್ ಅಷ್ಟು ಸುಲಭಕ್ಕೆ ಅಲ್ಲಾಡದು. ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ವಿಭಾಗಕ್ಕೆ. ನೀವು ಸೇರುವ ವಿಭಾಗಕ್ಕೇ ಎನ್‌ಬಿಎ ಇದೆಯೇ, ಅದರ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಆಮೇಲೆ ತರಗತಿ ನಡೆಯುವ ದಿನ ಹೋಗಿ ಬನ್ನಿ. ಕೊನೆಯ ವರ್ಷದ, ಸಾಧಾರಣ ಅಂಕದ ಒಬ್ಬ ವಿದ್ಯಾರ್ಥಿಯನ್ನು ಮಾತಾಡಿಸಿ. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಎಷ್ಟು ಜನ ನಿಲ್ಲುತ್ತಾರೆ, ಅಧ್ಯಾಪಕರು ವರ್ಷದ ಮಧ್ಯೆ ಬಿಟ್ಟುಹೋಗುತ್ತಾರೆಯೇ ಎಂದು ಕೇಳಿ. ಮನೆಯಿಂದ ಹೋಗಿಬರುವುದಾದರೆ ಬಸ್ಸಿನ ಲೆಕ್ಕವೂ ಬೇಕು. ದಿನಕ್ಕೆ ಮೂರು ಗಂಟೆ ಪ್ರಯಾಣವಾದರೆ 200 ತರಗತಿ ದಿನಕ್ಕೆ 600 ಗಂಟೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಹಣದ ವಿಷಯ. ಒಂದು ವರ್ಷದ ಶುಲ್ಕವನ್ನಲ್ಲ, ಇಡೀ ಕೋರ್ಸಿನ ಖರ್ಚನ್ನು ಕೂಡಿಸಿ: ಶುಲ್ಕ, ಹಾಸ್ಟೆಲ್, ಮೆಸ್, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್, ಪ್ರಯಾಣ. ಸಾಲ ಮಾಡುವುದಾದರೆ ಹೀಗೆ ಲೆಕ್ಕ ಹಾಕಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಬ್ಯಾಂಕು ಕೊಟ್ಟಿತು, ಬಡ್ಡಿ 10 ಶೇಕಡಾ, ಓದು ಮುಗಿದು ಒಂದು ವರ್ಷದ ನಂತರ ಮರುಪಾವತಿ ಶುರು. ಆ ಐದು ವರ್ಷದಲ್ಲಿ ಸರಳ ಬಡ್ಡಿಯೇ 1 ಲಕ್ಷ 40 ಸಾವಿರ. ಕಟ್ಟಲು ಶುರುಮಾಡುವ ದಿನ ಸಾಲ 5 ಲಕ್ಷ 40 ಸಾವಿರ, ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 8,960 ರೂಪಾಯಿ. ಈ ಕಂತನ್ನು ಆ ಕಾಲೇಜಿನ ಮೀಡಿಯನ್ ಸಂಬಳದ ಪಕ್ಕದಲ್ಲಿ ಇಟ್ಟು ನೋಡಿ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಹೊರೆ ಎಷ್ಟೋ ಇಳಿಯುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು.

ಒಂದು ಕಡೆ ಸೇರಿ ಆಮೇಲೆ ಬಿಡಬೇಕಾದರೆ ಹಣ ಹೋಯಿತೆಂದು ಕೈಚೆಲ್ಲಬೇಡಿ. ಯುಜಿಸಿಯ 2018ರ ಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕಿಂತ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, ಸಂಸ್ಕರಣೆಗೆಂದು ಹಿಡಿಯುವುದು 5 ಶೇಕಡಾ, ಅದೂ 5,000 ರೂಪಾಯಿ ಮೀರದಂತೆ. ಕೊನೆಯ ದಿನದೊಳಗಿನ 15 ದಿನದಲ್ಲಿ ಬಿಟ್ಟರೆ 90 ಶೇಕಡಾ, ಕೊನೆಯ ದಿನದ ನಂತರದ 15 ದಿನದೊಳಗೆ 80, ಮೂವತ್ತರೊಳಗೆ 50, ಆಮೇಲೆ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಪರಿಶೀಲಿಸಿ ಹಿಂತಿರುಗಿಸಬೇಕು. ಕೆಇಎ ಸೀಟು ರದ್ದು ಮಾಡಲು ಪ್ರತ್ಯೇಕ ದಿನಾಂಕವಿರುತ್ತದೆ, ಅದು ದಾಟಿದರೆ ದಂಡ.

ಒಂದು ವರ್ಷ ಬಿಟ್ಟು ಮತ್ತೆ ಬರೆಯಬಹುದೇ ಎಂದು ಹಿಂದಿನ ಸಾಲಿನಿಂದ ಕೇಳಿದ್ದೀರಿ. ನೀಟಿಗೆ ಪ್ರಯತ್ನಗಳ ಮಿತಿ ಇಲ್ಲ, ಜೆಇಇ ಮೇನ್ ಮೂರು ವರ್ಷ, ಅಡ್ವಾನ್ಸ್‌ಡ್ ಸತತ ಎರಡು ವರ್ಷ. ಬಿಡುವ ಮೊದಲು ವಿಷಯವಾರು ಅಂಕ ನೋಡಿ. ಒಂದು ವಿಷಯದಲ್ಲಿ ಮಾತ್ರ ಹಿಂದಿದ್ದು ಅದಕ್ಕೆ ಕಾರಣವೂ ಗೊತ್ತಿದ್ದರೆ ಒಂದು ವರ್ಷದ ಶ್ರಮಕ್ಕೆ ಅರ್ಥವಿದೆ. ಮೂರರಲ್ಲೂ ಒಂದೇ ಸಮನೆ ಕಡಿಮೆಯಿದ್ದು, ಎರಡು ವರ್ಷ ಕೋಚಿಂಗೂ ಆಗಿದ್ದರೆ, ಮೂರನೆಯ ವರ್ಷ ಅದನ್ನೇ ಮಾಡಿಸುವುದು ಮಗುವಿಗೆ ಕಷ್ಟ, ಫಲವೂ ಅನುಮಾನ. ಪಿಯುಸಿ ಅಂಕ ಮಾತ್ರ ಕಡಿಮೆಯೆನಿಸಿದವರು ವರ್ಷ ಬಿಡಬೇಕಾಗಿಲ್ಲ, ಪರೀಕ್ಷೆ-2 ಇದೆ. ವರ್ಷ ಬಿಡಲೇಬೇಕೆಂದು ತೀರ್ಮಾನಿಸಿದವರು ಆದಾಯ ಪ್ರಮಾಣಪತ್ರದ ಅವಧಿ ಮುಂದಿನ ವರ್ಷದ ಅರ್ಜಿಯವರೆಗೆ ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.